ಸೇವಾವಧಿಯಲ್ಲಿ ಒದಗುವ ವೈಕಲ್ಯ ಮತ್ತು ಸಿಬ್ಬಂದಿ ನಿರ್ವಹಣೆ

ಉದ್ಯೋಗದಲ್ಲಿ ವಿಕಲಚೇತನರ ಪಾಲನ್ನು ಕುರಿತ ಚರ್ಚೆ ಬಹುಮಟ್ಟಿಗೆ ನೇಮಕಾತಿಯ ಸುತ್ತಲೇ ನಡೆದಿದೆ. ಸರ್ಕಾರಿ ಹುದ್ದೆಗಳಲ್ಲಿ 1995ರ ಕಾಯಿದೆಯು ನೀಡಿದ್ದ ಶೇ. 3ರ ಮೀಸಲಾತಿ 2016ರ ಕಾಯಿದೆಯಲ್ಲಿ ಶೇ. 4ಕ್ಕೇರಿತು. ಸೇವೆಯಲ್ಲಿದ್ದಾಗಲೇ ವೈಕಲ್ಯಕ್ಕೀಡಾದ ನೌಕರರ ಗತಿಯೇನೆಂಬುದು ಇದಕ್ಕಿಂತ ಜಟಿಲವಾದ ಪ್ರಶ್ನೆ. ಕಾಲು ಕಳೆದುಕೊಂಡು ಸೇವೆಯಿಂದ ಬಿಡುಗಡೆಗೊಂಡಿದ್ದ ಕಾನ್‌ಸ್ಟೇಬಲೊಬ್ಬರ ಮೊಕದ್ದಮೆಯಲ್ಲಿ (ಕುನಾಲ್ ಸಿಂಗ್, 2003) ಸರ್ವೋಚ್ಚ ನ್ಯಾಯಾಲಯವು, ಅಶಕ್ತತಾ ಪಿಂಚಣಿ ದೊರೆತಿದೆಯೆಂಬ ಕಾರಣಕ್ಕೆ ಉದ್ಯೋಗದ ರಕ್ಷಣೆಯನ್ನು ನಿರಾಕರಿಸಲಾಗದೆಂದು ತೀರ್ಪಿತ್ತಿತು. 2016ರ ಕಾಯಿದೆಯ 20ನೆಯ ಕಲಮಿನಂತೆಯೂ ಹಳೆಯ ಹುದ್ದೆಯನ್ನು ನಿರ್ವಹಿಸಲಾಗದವರಿಗೆ ಅದೇ ವೇತನಶ್ರೇಣಿಯ ಬೇರೆ ಹುದ್ದೆ ನೀಡಬೇಕು. ಅದಿಲ್ಲದಿದ್ದರೆ ಹೆಚ್ಚುವರಿ ಹುದ್ದೆಯೊಂದರಲ್ಲಿ ಇರಿಸಿಕೊಳ್ಳಬೇಕು. ಆದರೆ ವೇತನ ಉಳಿದ ಮಾತ್ರಕ್ಕೆ ಕೆಲಸ ಉಳಿಯಿತೆನ್ನಲಾಗದು. ಬರಿದಾದ ಮೇಜಿನ ಮುಂದೆ ಕೂರಿಸುವುದು ಒಳಗೊಳ್ಳುವಿಕೆಯೇ? ಹೊಸ ಹುದ್ದೆಗೆ ತಕ್ಕ ತರಬೇತಿಯ ಹೊಣೆ ಸಿಬ್ಬಂದಿ ವಿಭಾಗದ್ದೇ ಆಗಬೇಕು. ಈ ರಕ್ಷಣೆಯಾದರೂ ಸರ್ಕಾರಿ ಸಂಸ್ಥೆಗಳಿಗೆ ಸೀಮಿತ. ಖಾಸಗಿ ಕಾರ್ಖಾನೆಯಲ್ಲಿ ಕೈ ಕಳೆದುಕೊಂಡ ಕಾರ್ಮಿಕನಿಗೆ ಕಾನೂನಿನಂತೆ ಪರಿಹಾರ ಸಲ್ಲುತ್ತದೆ; ಹುದ್ದೆಯ ಭರವಸೆಯನ್ನು ಈ ಕಲಮು ನೀಡುವುದಿಲ್ಲ.