ಗಾಜಿನ ತೊಟ್ಟಿಯಲ್ಲಿ ಕಡಲ ಪಾಚಿ

ಭಾಂಡುಪಿನ ನಮ್ಮ ಎರಡು ಕೋಣೆಯ ಮನೆಯಲ್ಲಿ ಉಪ್ಪುನೀರಿನ ಮೀನುತೊಟ್ಟಿಯೊಂದುಂಟು. 1951ರಲ್ಲಿ ತೆರೆದ ತಾರಾಪೋರ್‌ವಾಲಾ ಮತ್ಸ್ಯಾಲಯವನ್ನು ಚಿಕ್ಕಂದಿನಲ್ಲಿ ಕಂಡಂದಿನಿಂದ ಹಿಡಿದ ಹುಚ್ಚು ಇದು.

ಮೀನಿನ ಹೊಲಸಿನಿಂದ ನೀರಿಗೆ ಸೇರುವ ನೈಟ್ರೇಟನ್ನು ಹೀರಿಕೊಳ್ಳುವುದು ಪಾಚಿಯ ಉಪಕಾರ. ಚೆಲುವಿಗೆ ಮರುಳಾಗಿ ನಾನು ಮೊದಲು ತಂದದ್ದು ಗರಿಯಂಥ ಎಲೆಯ ಕೌಲರ್ಪಾ. ಕೆಲವೇ ವಾರಗಳಲ್ಲಿ ತೊಟ್ಟಿ ತುಂಬಿತು. ಒಂದು ಬೆಳಿಗ್ಗೆ ನೋಡುತ್ತೇನೆ, ನೀರು ನೀರುಮಜ್ಜಿಗೆಯಂತಾಗಿದೆ, ಪಾಚಿ ಬಣ್ಣಗೆಟ್ಟಿದೆ, ಎರಡು ಮೀನು ಸತ್ತು ತೇಲುತ್ತಿವೆ! ಈ ಜಾತಿಯು ಒಮ್ಮೊಮ್ಮೆ ತನ್ನ ಸಂತಾನಾಣುಗಳನ್ನೆಲ್ಲ ನೀರಿಗೆ ಚೆಲ್ಲಿ ಸತ್ತುಹೋಗುತ್ತದೆ. ಕೊಳೆಯುವಾಗ ಆಮ್ಲಜನಕ ಕುಗ್ಗುತ್ತದೆ. ಮಗಳು ಎರಡು ದಿನ ನನ್ನೊಡನೆ ಮಾತಾಡಲಿಲ್ಲ.

ಈಗಿರುವುದು ಕೀಟೊಮಾರ್ಫಾ. ಸಿಕ್ಕುಗಟ್ಟಿದ ಹಸಿರು ನೂಲಿನ ಉಂಡೆ. ನೋಟಕ್ಕೇನೂ ಚೆಲುವಲ್ಲ, ಸ್ವಭಾವ ಮಾತ್ರ ಸಾಧು. ಆಗಾಗ ಮಗುಚದಿದ್ದರೆ ಒಳಗೆ ಬೆಳಕು ತಾಗದೆ ಕೊಳೆತೀತು. ಬೆಳೆದಂತೆ ಒಂದು ಪಾಲನ್ನು ಕಿತ್ತರೆ, ಹೀರಿದ ಕಲ್ಮಷವೂ ಅದರೊಡನೆ ಹೊರಗೆ. ಬೇಸಿಗೆಯಲ್ಲಿ ಆರಿದಷ್ಟು ನೀರಿಗೆ ಕ್ಲೋರಿನ್ ಕಳೆದ ಸಿಹಿನೀರನ್ನೇ ತುಂಬಿರಿ, ಉಪ್ಪು ಆವಿಯಾಗುವುದಿಲ್ಲವಷ್ಟೆ.

ಕಿತ್ತದ್ದನ್ನು ಬಿಸಿಲಿನಲ್ಲಿ ಒಣಗಿಸಿ ಕಸಕ್ಕೆ ಹಾಕಿರಿ. 1984ರಲ್ಲಿ ಮೊನಾಕೊದ ಸಾಗರ ವಸ್ತುಸಂಗ್ರಹಾಲಯದ ಕೆಳಗೆ ಕಾಣಿಸಿಕೊಂಡ ಕೌಲರ್ಪಾದ ಸಣ್ಣ ತೇಪೆಯೊಂದು ಮೆಡಿಟರೇನಿಯನ್ ತೀರದಲ್ಲಿ ದೂರದೂರಕ್ಕೆ ಹಬ್ಬಿತು. 2022ರಲ್ಲಿ ರಾಮ್ಸರ್ ಪಟ್ಟಿ ಸೇರಿದ ಠಾಣೆ ಖಾಡಿ ನಮ್ಮ ಬೆನ್ನಿಗೇ ಇದೆ, ಉಪ್ಪಿನಗದ್ದೆಗಳಾಚೆ.