ಕಿಡಿ ಕಾಣೆಯಾದದ್ದು ಎಲ್ಲಿ?

ಹಳೆಯ ಅಂಬಾಸಿಡರ್ ಅಥವಾ ಪ್ರೀಮಿಯರ್ ಪದ್ಮಿನಿ ಮುನಿಸಿಕೊಂಡು ನಿಂತರೆ ಮೆಕ್ಯಾನಿಕ್ ಮೊದಲು ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆಯುತ್ತಿದ್ದ. ಒಳಗಿನ ಪಾಯಿಂಟ್ ಸುಟ್ಟಿದೆಯೇ, ಅಂತರ ಸರಿಯಿದೆಯೇ ಎಂಬುದು ಕಣ್ಣಿಗೇ ಕಾಣುತ್ತಿತ್ತು. ಎಮೆರಿ ಕಾಗದದಿಂದ ನಾಲ್ಕು ಸಲ ಉಜ್ಜಿದರೆ ಗಾಡಿ ಹೇಗೋ ಊರು ಸೇರುತ್ತಿತ್ತು. ಎಲೆಕ್ಟ್ರಾನಿಕ್ ಇಗ್ನಿಷನ್ ಬಂದ ಮೇಲೆ ಪಾಯಿಂಟ್ ಸುಡುವ ಕಾಟ ತಪ್ಪಿತು. ಜತೆಗೆ ಈ ಸೌಲಭ್ಯವೂ ತಪ್ಪಿತು. ಪಾಯಿಂಟಿನ ಕೆಲಸ ಮಾಡುವ ಇಗ್ನೈಟರ್ ಎಂಬ ಪುಟ್ಟ ಡಬ್ಬಿ ಕೆಟ್ಟಿದ್ದರೂ ಸರಿಯಿದ್ದರೂ ನೋಡಲು ಒಂದೇ ತರಹ.

1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ ಮಾರುತಿ 800ರ ತಯಾರಿಕೆ 2014ರಲ್ಲಿ ನಿಂತಿತು. ಕಾರ್ಬ್ಯುರೇಟರ್ ಜತೆಗೆ ಇಗ್ನೈಟರ್ ಇದ್ದ ಅದರ ಹಳೆಯ ಕಾರುಗಳನ್ನು ಜತನದಿಂದ ಇಟ್ಟುಕೊಂಡವರಿಗೆ ಈ ಡಬ್ಬಿಯ ಪರಿಚಯ ಚೆನ್ನಾಗಿಯೇ ಇದೆ. ಮೂರು ಸಿಲಿಂಡರಿನ ಆ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ 75 ಕಿಡಿ ಬೇಕು. ಬ್ಯಾಟರಿಯ 12 ವೋಲ್ಟ್ ವಿದ್ಯುತ್ತು ಇಗ್ನಿಷನ್ ಕಾಯಿಲ್‌ನಲ್ಲಿ ಹರಿಯುತ್ತಿರುತ್ತದೆ. ಡಿಸ್ಟ್ರಿಬ್ಯೂಟರಿನೊಳಗಿನ ಪಿಕಪ್ ಕಾಯಿಲ್ ಸಂಜ್ಞೆ ಕೊಟ್ಟೊಡನೆ ಇಗ್ನೈಟರ್ ಆ ಹರಿವನ್ನು ಥಟ್ಟನೆ ಕಡಿಯುತ್ತದೆ. ಆ ಕ್ಷಣದಲ್ಲಿ ಹುಟ್ಟುವ ಸಾವಿರಾರು ವೋಲ್ಟ್ ವಿದ್ಯುತ್ತು ರೋಟರ್, ಕ್ಯಾಪ್, ಪ್ಲಗ್ ವೈರುಗಳ ಮೂಲಕ ಸ್ಪಾರ್ಕ್ ಪ್ಲಗ್ ತಲುಪುತ್ತದೆ.

ಊಹೆಯ ದುಬಾರಿ ರಿಪೇರಿ

ಸ್ಟಾರ್ಟರ್ ತಿರುಗುತ್ತದೆ, ಎಂಜಿನ್ ಮಾತ್ರ ಹಿಡಿಯುವುದಿಲ್ಲ. ಆಗ ‘ಇಗ್ನೈಟರ್ ಹೋಗಿರಬೇಕು’ ಎಂದು ಹೊಸದು ಹಾಕಿಸುವವರೇ ಹೆಚ್ಚು. ನೂರಾರು ರೂಪಾಯಿ ಖರ್ಚಾದ ಮೇಲೂ ಕಾರು ನಿಂತಲ್ಲೇ ನಿಂತಿರುತ್ತದೆ. ಕಣ್ಣಿಗೆ ಕಾಣದ ದೋಷವನ್ನು ಹಿಡಿಯಲು ಇರುವುದು ಒಂದೇ ದಾರಿ: ಕಿಡಿ ಸಾಗುವ ಹಾದಿಯಲ್ಲಿ ಕ್ರಮವಾಗಿ ಹುಡುಕುವುದು.

ಮೊದಲು ಬ್ಯಾಟರಿ ಟರ್ಮಿನಲ್ ಮತ್ತು ಅರ್ಥ್ ವೈರು ಬಿಗಿಯಾಗಿವೆಯೇ ನೋಡಬೇಕು. ಕೀ ತಿರುಗಿಸಿದಾಗ ಕಾಯಿಲ್‌ನ ಪ್ಲಸ್ ತುದಿಗೆ ಹೆಚ್ಚುಕಡಿಮೆ ಬ್ಯಾಟರಿಯಷ್ಟೇ ವೋಲ್ಟೇಜ್ ಬರಬೇಕು. ಬಾರದಿದ್ದರೆ ದೋಷ ಫ್ಯೂಸ್, ಇಗ್ನಿಷನ್ ಸ್ವಿಚ್ ಅಥವಾ ವೈರಿಂಗ್‌ನದು. ಕ್ಯಾಪ್ ತೆಗೆದು ಸ್ಟಾರ್ಟರ್ ಹೊಡೆದಾಗ ರೋಟರ್ ತಿರುಗದಿದ್ದರೆ ಟೈಮಿಂಗ್ ಬೆಲ್ಟ್ ತುಂಡಾಗಿರುವ ಸಂಭವವಿದೆ. ಆಗ ಇಗ್ನೈಟರಿನ ಗೊಡವೆಯೇ ಬೇಡ.

ಮುಂದಿನದು ಕಿಡಿಯ ಪರೀಕ್ಷೆ. ಕಾಯಿಲ್‌ನಿಂದ ಬರುವ ದಪ್ಪ ವೈರಿಗೆ ಬೇರೊಂದು ಪ್ಲಗ್ ಸಿಕ್ಕಿಸಿ, ಅದರ ಮೈಯನ್ನು ಎಂಜಿನ್ನಿನ ಲೋಹಕ್ಕೆ ಭದ್ರವಾಗಿ ತಾಗಿಸಿ ಸ್ಟಾರ್ಟರ್ ಹೊಡೆಯಬೇಕು. ಇಲ್ಲಿ ನೀಲಿ ಕಿಡಿ ಕಂಡು, ಪ್ಲಗ್ ವೈರುಗಳಲ್ಲಿ ಕಾಣದಿದ್ದರೆ ಇಗ್ನೈಟರ್ ನಿರ್ದೋಷಿ. ತಪ್ಪು ಕ್ಯಾಪ್, ರೋಟರ್ ಅಥವಾ ವೈರಿನದು. ಮಳೆಗಾಲದಲ್ಲಿ ಕ್ಯಾಪಿನೊಳಗೆ ಕೂತ ತೇವ ಹಾಗೂ ಕೂದಲೆಳೆಯಂಥ ಬಿರುಕು ಕಿಡಿಯನ್ನು ದಾರಿ ತಪ್ಪಿಸುವುದುಂಟು. ತೇವಕ್ಕೆ ಒಣಬಟ್ಟೆಯೇ ಔಷಧ.

ಕಾಯಿಲ್ ವೈರಿನಲ್ಲೂ ಕಿಡಿಯಿಲ್ಲವೇ? ಟೆಸ್ಟ್ ಲ್ಯಾಂಪಿನ ಒಂದು ತುದಿಯನ್ನು ಬ್ಯಾಟರಿಯ ಪ್ಲಸ್‌ಗೂ ಇನ್ನೊಂದನ್ನು ಕಾಯಿಲ್‌ನ ಮೈನಸ್‌ಗೂ ಹಿಡಿದು ಸ್ಟಾರ್ಟರ್ ಹೊಡೆಯಬೇಕು. ದೀಪ ಮಿನುಗಿದರೆ ಇಗ್ನೈಟರ್ ಕೆಲಸ ಮಾಡುತ್ತಿದೆ. ಕಾಯಿಲ್ ಅಥವಾ ಆ ದಪ್ಪ ವೈರನ್ನು ಶಂಕಿಸಬೇಕು. ಮಿನುಗದಿದ್ದರೆ ಪಿಕಪ್ ಕಾಯಿಲ್‌ನ ತಂತಿ ತುಂಡಾಗಿಲ್ಲವೆಂದು ಮೀಟರಿನಿಂದ ಖಚಿತಪಡಿಸಿಕೊಂಡ ಮೇಲಷ್ಟೇ ಇಗ್ನೈಟರಿನ ಸರದಿ.

ಬಿಸಿಯಾದಾಗಿನ ಆಟ

ಅತ್ಯಂತ ಪೀಡಿಸುವ ದೋಷ ಬೇರೆಯೇ ಇದೆ. ಘಾಟಿ ಏರುವಾಗ ಎಂಜಿನ್ ಫಕ್ಕನೆ ನಿಲ್ಲುತ್ತದೆ. ಅರ್ಧ ಗಂಟೆ ಕಳೆದರೆ ಏನೂ ಆಗದಂತೆ ಮತ್ತೆ ಹೊರಡುತ್ತದೆ. ಗ್ಯಾರೇಜಿಗೆ ತಂದಾಗ ಎಲ್ಲವೂ ಸರಿ! ಕಾವಿಗೆ ಸೋಲುವ ಇಗ್ನೈಟರ್ ಮತ್ತು ಕಾಯಿಲ್ ಹೀಗೆ ಮಾಡುತ್ತವೆ. ಪೆಟ್ರೋಲು ಪೈಪಿನಲ್ಲೇ ಆವಿಯಾದರೂ ಇದೇ ಲಕ್ಷಣ. ಎರಡರ ವ್ಯತ್ಯಾಸ ತಿಳಿಯುವುದು ಕಾರು ನಿಂತ ಆ ಗಳಿಗೆಯಲ್ಲೇ: ಆಗ ಕಿಡಿ ಇದ್ದರೆ ಪೆಟ್ರೋಲಿನ ಕಡೆ, ಇಲ್ಲದಿದ್ದರೆ ಇಗ್ನಿಷನ್ ಕಡೆ ನೋಡಬೇಕು. ಹಾಗಾಗಿ ಹಳೆಯ ಕಾರಿನಲ್ಲಿ ದೂರ ಹೊರಡುವವರು ಒಂದು ಪ್ಲಗ್, ಒಂದು ಟೆಸ್ಟ್ ಲ್ಯಾಂಪ್ ಜತೆಗಿಟ್ಟುಕೊಳ್ಳುವುದು ಒಳ್ಳೆಯದು.

ಎಚ್ಚರಿಕೆಯೂ ಅಗತ್ಯ. ಎಂಜಿನ್ ತಿರುಗುವಾಗ ವೈರನ್ನು ಬರಿಗೈಯಲ್ಲಿ ಹಿಡಿಯಬಾರದು. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಈ ಪರೀಕ್ಷೆಯಿಂದ ದೂರವಿರಬೇಕು. ಪೆಟ್ರೋಲಿನ ವಾಸನೆ ಇದ್ದಲ್ಲಿ ಕಿಡಿ ಹಾರಿಸಬಾರದು. ವೈರನ್ನು ಯಾವುದಕ್ಕೂ ತಾಗಿಸದೆ ಗಾಳಿಯಲ್ಲಿ ಬಿಟ್ಟು ಸ್ಟಾರ್ಟರ್ ಹೊಡೆದರೆ ಚೆನ್ನಾಗಿದ್ದ ಇಗ್ನೈಟರೂ ಸುಟ್ಟುಹೋದೀತು.