ನಾಲ್ಕೂವರೆ ವಿದ್ಯಾರ್ಥಿವೇತನ, ಹದಿನೆಂಟು ಆಟಗಾರರು

ದಿನವಿಡೀ ಕುಳಿತು ವ್ಯವಹಾರ ನಡೆಸುವವರಿಗಾಗಿಯೇ ಹುಟ್ಟಿದ ಆಟ ವಾಲಿಬಾಲ್. ಬ್ಯಾಸ್ಕೆಟ್‌ಬಾಲಿನ ಓಟ ನಡುವಯಸ್ಸಿನ ವರ್ತಕರಿಗೆ ಹೆಚ್ಚಾಯಿತೆಂದು ಅಮೇರಿಕದ ಹೋಲಿಯೋಕ್ ಪಟ್ಟಣದಲ್ಲಿ ವಿಲಿಯಂ ಮಾರ್ಗನ್ನರು ೧೮೯೫ರಲ್ಲಿ ಇದನ್ನು ರೂಪಿಸಿದರು. ಒಂದು ಬಲೆ, ಒಂದು ಚೆಂಡು, ಕಡೆಗೆ ಆರು ಮಂದಿ ಇದ್ದರೆ ಸಾಕು. ಸಣ್ಣ ವಿಶ್ವವಿದ್ಯಾಲಯಗಳೂ ಈ ಆಟವನ್ನು ಕೈಗೊಳ್ಳಲು ಈ ಮಿತವ್ಯಯವೂ ಒಂದು ಕಾರಣ.

ಆದರೆ ತಂಡ ಕಟ್ಟುವುದೆಂದರೆ ಬಲೆ ಕಟ್ಟಿದಷ್ಟು ಸುಲಭವಲ್ಲ. ಅಲ್ಲಿಯ ಕಾಲೇಜು ಕ್ರೀಡೆಗಳನ್ನು ಆಳುವ ಎನ್.ಸಿ.ಎ.ಎ. ಸಂಸ್ಥೆಯು ಪುರುಷರ ಒಂದು ತಂಡಕ್ಕೆ ಬಹುಕಾಲ ವಿಧಿಸಿದ್ದ ಮಿತಿ ಕೇವಲ ೪.೫ ಪೂರ್ಣ ವಿದ್ಯಾರ್ಥಿವೇತನ. ಮಹಿಳೆಯರಿಗೆ ಮೊದಲ ದರ್ಜೆಯಲ್ಲಿ ೧೨, ಎರಡನೆಯ ದರ್ಜೆಯಲ್ಲಿ ೮. ಮೂರನೆಯ ದರ್ಜೆಯ ಕಾಲೇಜುಗಳು ಆಟಕ್ಕಾಗಿ ವೇತನ ಕೊಡುವಂತೆಯೇ ಇಲ್ಲ. ೨೦೨೫ರ ನ್ಯಾಯಾಲಯದ ಒಪ್ಪಂದಕ್ಕೆ ಸೇರಿದ ಮೊದಲ ದರ್ಜೆಯ ಸಂಸ್ಥೆಗಳಿಗೆ ವೇತನದ ಮಿತಿ ತೆಗೆದು, ಅದರ ಬದಲು ಪಟ್ಟಿಯಲ್ಲಿ ೧೮ ಮಂದಿಗಿಂತ ಹೆಚ್ಚಿರಬಾರದೆಂದು ಗೊತ್ತುಮಾಡಲಾಯಿತು.

ನಾಲ್ಕೂವರೆ ವೇತನವನ್ನು ಹದಿನೆಂಟು ಮಂದಿಗೆ ಸಮನಾಗಿ ಹಂಚಿದರೆ ಒಬ್ಬೊಬ್ಬನಿಗೆ ಕಾಲು ಪಾಲು. ಉಳಿದ ಮುಕ್ಕಾಲನ್ನು ಅವನೇ ತುಂಬಬೇಕು. ಹಾಗೆ ಹದಿನೆಂಟು ಮಂದಿ ಸೇರಿ ವಿಶ್ವವಿದ್ಯಾಲಯಕ್ಕೆ ತರುವುದು ಹದಿಮೂರೂವರೆ ಮಂದಿಯ ಪೂರ್ಣ ಶುಲ್ಕ! ಗಲ್ಲಾದ ಮೇಲೆ ಕುಳಿತವರಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಜು ಖಾಲಿಯಿದ್ದರೂ ಬಾಡಿಗೆ ತಪ್ಪುವುದಿಲ್ಲ, ಒಲೆಯೂ ಆರುವುದಿಲ್ಲ. ವಿದ್ಯಾರ್ಥಿಗಳು ಸಾಲದ ವಿದ್ಯಾಲಯದ ತರಗತಿಯೂ ಅಂತೆಯೇ. ಅಲ್ಲಿ ಆಟಗಾರನೆಂದರೆ ಗಿರಾಕಿಯೂ ಹೌದು.

ಈ ಲೆಕ್ಕದ ಭಾರವೆಲ್ಲ ತರಬೇತುದಾರನ ಹೆಗಲಿಗೆ. ಎತ್ತರದ ಹೊಡೆತಗಾರನೊಬ್ಬನಿಗೆ ಪೂರ್ಣ ವೇತನ ಕೊಡಬೇಕೆ, ಅಥವಾ ಅದನ್ನೇ ನಾಲ್ವರಿಗೆ ಹಂಚಬೇಕೆ? ಆಟ ಬಲ್ಲವನನ್ನು ಹುಡುಕಿದರೆ ಸಾಲದು. ಉಳಿದ ಶುಲ್ಕ ತೆರಬಲ್ಲವನೂ, ಪರೀಕ್ಷೆಯಲ್ಲಿ ತೇರ್ಗಡೆಯಾಗಬಲ್ಲವನೂ ಬೇಕು.

ಕಾಗದಪತ್ರಗಳ ಮಹತ್ವವೂ ಕಡಿಮೆಯದಲ್ಲ. ಷಿಕಾಗೋ ನಗರದ ಸಮೀಪದ ಲೂಯಿಸ್ ವಿಶ್ವವಿದ್ಯಾಲಯವು ಎರಡನೆಯ ದರ್ಜೆಯದಾಗಿದ್ದೂ ೨೦೦೩ರಲ್ಲಿ ಬಲಿಷ್ಠವಾದ ಬ್ರಿಗ್‌ಹ್ಯಾಂ ಯಂಗ್ ವಿಶ್ವವಿದ್ಯಾಲಯವನ್ನು ಸೋಲಿಸಿ ಪುರುಷರ ರಾಷ್ಟ್ರೀಯ ಪ್ರಶಸ್ತಿಯನ್ನು ಗೆದ್ದಿತು. ಕಿರಿಯರ ಈ ಜಯಕ್ಕೆ ಹಿಗ್ಗದವರಾರು? ಆದರೆ ಅರ್ಹತೆಯಿಲ್ಲದವರನ್ನು ಆಡಿಸಿದ ಕಾರಣ ಆ ಪ್ರಶಸ್ತಿ ಅನಂತರ ರದ್ದಾಯಿತು. ಅಂಗಣದಲ್ಲಿ ಗೆದ್ದುದು ದಫ್ತರದಲ್ಲಿ ಕಳೆದುಹೋಯಿತು. ನೇಮದಂತೆ ಆಡಿದ ಸಂಗಾತಿಗಳ ಶ್ರಮವೂ ಅದರೊಡನೆ ಹೋಯಿತು.

ಇನ್ನು ಹಿಂದಿನ ಬೆಂಚಿನ ಹುಡುಗನ ಮಾತು. ಶುಲ್ಕದ ಆಸೆಯಿಂದ ಪಟ್ಟಿಯನ್ನು ಉದ್ದಮಾಡುವ ಸಂಸ್ಥೆಯು ಆ ಹುಡುಗನಿಗೆ ಏನನ್ನು ಕೊಡುತ್ತದೆ? ಒಂದು ಸಲಕ್ಕೆ ಆಡುವವರು ಆರೇ ಮಂದಿ. ಉಳಿದವರು ಮುಕ್ಕಾಲು ಶುಲ್ಕ ತೆತ್ತು ಚಪ್ಪಾಳೆ ತಟ್ಟುವುದಕ್ಕಷ್ಟೇ ಬಂದವರಲ್ಲ. ಅವರಿಗೂ ದಿನದ ಅಭ್ಯಾಸ, ತರಬೇತುದಾರನ ಗಮನ, ಕೊನೆಗೊಂದು ಪದವಿ ದೊರೆತರೆ ಆ ಲೆಕ್ಕ ನ್ಯಾಯವಾದುದು. ದೊರೆಯದಿದ್ದರೆ, ಜಮಾ ಖರ್ಚು ಎಷ್ಟೇ ಸರಿಹೊಂದಿದರೂ, ಆ ವಿಶ್ವವಿದ್ಯಾಲಯವು ತನ್ನ ವಿದ್ಯಾರ್ಥಿಗೆ ಬಾಕಿದಾರನಾಗಿಯೇ ಉಳಿಯುತ್ತದೆ.